ಕಾಡಿನ ಲೆಕ್ಕದ ಜೊತೆಗೆ ತಪ್ಪಿನ ಲೆಕ್ಕವನ್ನೂ ಕೊಡಿ

ಮಹಾನಿರ್ದೇಶಕರಿಗೆ,
ಭಾರತೀಯ ಅರಣ್ಯ ಸಮೀಕ್ಷೆ, ಡೆಹ್ರಾಡೂನ್

ಮಾನ್ಯರೇ,

2024ರ ಡಿಸೆಂಬರಿನಲ್ಲಿ ಬಿಡುಗಡೆಯಾದ ನಿಮ್ಮ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿ.ಮೀ. ಹಿಂದಿನ ಸಮೀಕ್ಷೆಗಿಂತ 156 ಚದರ ಕಿ.ಮೀ. ಹೆಚ್ಚು. ಅಂದರೆ ಏರಿಕೆ ಶೇ. 0.02ರಷ್ಟು. ಈ ಅಂಕಿಗಳಿಗೆ ಆಧಾರವಾದ, ಉಪಗ್ರಹ ಚಿತ್ರಗಳಿಂದ ತಯಾರಾದ ನಕ್ಷೆಯ ನಿಖರತೆ ಶೇ. 90ಕ್ಕೂ ಮೇಲಿದೆ ಎಂದು ನಿಮ್ಮ ವರದಿಗಳು ಹೇಳುತ್ತ ಬಂದಿವೆ. ಆ ಮಾತನ್ನು ಪೂರ್ತಿ ಒಪ್ಪಿದರೂ ಪ್ರಶ್ನೆ ಉಳಿಯುತ್ತದೆ: ನೂರು ಕಡೆ ನೋಡಿದರೆ ಕೆಲವು ಕಡೆ ತಪ್ಪುವ ನಕ್ಷೆಯಿಂದ ಹತ್ತು ಸಾವಿರದಲ್ಲಿ ಎರಡು ಪಾಲಿನ ಏರಿಕೆಯನ್ನು ಖಚಿತವಾಗಿ ಸಾರುವುದು ಹೇಗೆ?

ಒಟ್ಟು ನಿಖರತೆ ಎಂಬ ಒಂದೇ ಅಂಕಿ ಎಷ್ಟನ್ನು ಮರೆಮಾಚಬಲ್ಲದು ನೋಡಿ. ದೇಶದ ಶೇ. 78ರಷ್ಟು ನೆಲ ಕಾಡಲ್ಲ. ಇಡೀ ದೇಶಕ್ಕೇ 'ಕಾಡಲ್ಲ' ಎಂದು ಬಣ್ಣ ಬಳಿದರೂ ನಕ್ಷೆಗೆ ಶೇ. 78 ನಿಖರತೆ ದಕ್ಕುತ್ತದೆ, ಒಂದು ಮರವನ್ನೂ ಗುರುತಿಸದೆ! ಆದ್ದರಿಂದ ನಕ್ಷೆ ಕಾಡೆಂದದ್ದು ನೆಲದಲ್ಲೂ ಕಾಡೇ, ನೆಲದ ಮೇಲಿರುವ ಕಾಡೆಲ್ಲ ನಕ್ಷೆಗೆ ಸಿಕ್ಕಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಅದನ್ನೂ ಪ್ರತಿ ರಾಜ್ಯಕ್ಕೆ, ಪ್ರತಿ ದಟ್ಟಣೆಯ ವರ್ಗಕ್ಕೆ ಕೇಳಬೇಕು. ನೀವು ಬಳಸುವ ಲಿಸ್-3 ಎಂಬ ಉಪಗ್ರಹ ಕ್ಯಾಮೆರಾದ ಚಿತ್ರದಲ್ಲಿ ಒಂದು ಪಿಕ್ಸೆಲ್ 23.5 ಮೀಟರ್ ಅಗಲ. ಒಂದು ಹೆಕ್ಟೇರಿಗೆ ಸುಮಾರು 18 ಪಿಕ್ಸೆಲ್. ಒಂದು ಹೆಕ್ಟೇರಿನಲ್ಲಿ ಮರಗಳ ನೆತ್ತಿ ಶೇ. 10ರಷ್ಟು ನೆಲ ಮುಚ್ಚಿದರೆ ನಿಮ್ಮ ವ್ಯಾಖ್ಯೆಯಂತೆ ಅದು ಅರಣ್ಯ ಹೊದಿಕೆ. ಹಾಗಾಗಿ ಸಿಲ್ವರ್ ಓಕ್ ನೆರಳಿನ ಕೊಡಗಿನ ಕಾಫಿ ತೋಟ, ಪಕ್ಕದ ದೇವರಕಾಡು ಎರಡೂ ಒಂದೇ ಮೊತ್ತಕ್ಕೆ ಸೇರುತ್ತವೆ. ವ್ಯಾಖ್ಯೆಯ ಅಂಚಿನಲ್ಲಿರುವ ವಿರಳ ಮರಗಳ ಜಾಗದಲ್ಲಂತೂ ನಕ್ಷೆ ತಪ್ಪುವ ಸಾಧ್ಯತೆ ಹೆಚ್ಚು.

ಎರಡೂ ಕಡೆಯ ತಪ್ಪುಗಳು ಪರಸ್ಪರ ಸರಿದೂಗುತ್ತವೆ ಎಂಬ ವಾದವಿದೆ. ಸರಿದೂಗುವುದು ನಿಜವಾದರೆ ಅದನ್ನು ಲೆಕ್ಕದಲ್ಲಿ ತೋರಿಸಬಹುದಲ್ಲ! ಸ್ಥಳ ಪರಿಶೀಲನೆ ದುಬಾರಿ ಎನ್ನುವುದೂ ಸುಳ್ಳಲ್ಲ. ಆದರೆ ಪ್ರತಿ ವರ್ಗಕ್ಕೂ ಯಾದೃಚ್ಛಿಕವಾಗಿ ಆಯ್ದ ಕೆಲವು ನೂರು ಬಿಂದುಗಳನ್ನು ಇನ್ನೂ ಸ್ಪಷ್ಟವಾದ ಚಿತ್ರಗಳಲ್ಲಿ ಪರೀಕ್ಷಿಸಿ, ಅನುಮಾನವಿದ್ದಲ್ಲಿ ಮಾತ್ರ ಕಾಡಿಗೆ ಹೋದರೆ ಸಾಕು. ತಪ್ಪನ್ನು ಒಪ್ಪಿಕೊಂಡರೆ ಜನರ ನಂಬಿಕೆ ಕುಸಿಯುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. ಮಾದರಿ ಸಮೀಕ್ಷೆಗಳು ದೋಷದ ಮಿತಿಯನ್ನು ಹೇಳುವುದರಿಂದಲೇ ವಿಶ್ವಾಸ ಗಳಿಸುತ್ತವೆ.

ಹದಿನೈದನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಹಂಚುವಾಗ ದಟ್ಟ ಅರಣ್ಯಕ್ಕೆ ಶೇ. 10 ತೂಕ ಕೊಟ್ಟಿತು. ನಕ್ಷೆಯ ಬಣ್ಣ ರಾಜ್ಯಗಳ ಬೊಕ್ಕಸವನ್ನೂ ಮುಟ್ಟುತ್ತದೆ. ಮುಂದಿನ ವರದಿಯಲ್ಲಿ ಪ್ರತಿ ವಿಸ್ತೀರ್ಣದ ಪಕ್ಕದಲ್ಲೇ ದೋಷದ ವ್ಯಾಪ್ತಿಯನ್ನು ಮುದ್ರಿಸಿ, ಪರೀಕ್ಷಿಸಿದ ಬಿಂದುಗಳನ್ನು ಸಾರ್ವಜನಿಕರ ಮುಂದಿಡಿ. ಏರಿಕೆ ಆ ವ್ಯಾಪ್ತಿಯೊಳಗೇ ಇದ್ದರೆ, ಏರಿದೆಯೋ ಇಳಿದಿದೆಯೋ ಹೇಳಲಾಗದು ಎಂದೇ ಬರೆಯಿರಿ.

ಇತಿ,
ಕಾಡಿನ ಲೆಕ್ಕ ಸರಿಯಿರಲೆಂದು ಬಯಸುವ ಒಬ್ಬ ನಾಗರಿಕ