ಬಾನೆಟ್ಟಿನ ಕೆಳಗಿನ ಮಡಿ

"ಒಳ್ಳೇ ಕಾರನ್ನು ಕೊಂದುಬಿಟ್ಟಿರಲ್ಲಪ್ಪಾ" ಎಂದರು ಆ ಹಿರಿಯರು. ಬಾನೆಟ್ಟು ತೆರೆದಿತ್ತು. ಆರು ಸಿಲಿಂಡರಿನ ಇಂಜಿನ್ ಇರಬೇಕಾದ ಜಾಗದಲ್ಲಿ ನಾಲ್ಕು ಸಿಲಿಂಡರಿನ ಟರ್ಬೊ ಇಂಜಿನ್ ಕೂತಿತ್ತು. ಅವರು ಮತ್ತೊಮ್ಮೆ ಬಗ್ಗಿ ನೋಡಲಿಲ್ಲ. ಮೈಲಿಗೆ ತಗುಲೀತೆಂಬಂತೆ ಎರಡು ಹೆಜ್ಜೆ ಹಿಂದೆ ಸರಿದು ಹೊರಟೇಹೋದರು.

ನಾನು ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಹಳಗನ್ನಡ ಕಾವ್ಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಕಾರಿನ ಬಗ್ಗೆ ಮಾತಾಡುವ ಧೈರ್ಯ ಬಂದದ್ದು ನನ್ನ ರೂಮ್‌ಮೇಟ್‌ನಿಂದ. ಕಾರು ಅವನ ಅಪ್ಪನದು, 1972ರ ಡಾಟ್ಸನ್ 240ಝೆಡ್. ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷ ಅಮ್ಮನ ಮನೆಯ ಗ್ಯಾರೇಜಿನಲ್ಲಿ ಹೊದಿಕೆಯಡಿ ನಿಂತಿತ್ತು. ಕಳೆದ ವರ್ಷ ಅದನ್ನು ನಮ್ಮ ಬಾಡಿಗೆ ಮನೆಗೆ ಎಳೆದು ತಂದು, ಐದು ತಿಂಗಳು ರಾತ್ರಿಗಳನ್ನು ಅದಕ್ಕೆ ಕೊಟ್ಟು, ಇಂಜಿನ್ ಬದಲಿಸಿದೆವು. ಕೆಲಸವೆಲ್ಲ ಅವನದು. ಟಾರ್ಚ್ ಹಿಡಿದದ್ದು, ಸ್ಪ್ಯಾನರ್ ಎತ್ತಿಕೊಟ್ಟದ್ದು, ಇಂಜಿನ್ ಸರಪಳಿಯಲ್ಲಿ ತೂಗಾಡುವಾಗ ಮನೆದೇವರನ್ನು ನೆನೆದದ್ದು ನಾನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಇಂಜಿನ್ ಸತ್ತಿರಲಿಲ್ಲ. ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಬದಲಿಸಿದ್ದರೆ ಮತ್ತೆ ಓಡುತ್ತಿತ್ತು. ನಾವು ಗತಿಯಿಲ್ಲದೆ ಬದಲಿಸಿದ್ದಲ್ಲ, ಬೇಕೆಂದೇ ಬದಲಿಸಿದ್ದು. ನಾನು ಸಮರ್ಥಿಸಬೇಕಾದದ್ದು ಅದನ್ನೇ.

ಆ ಹಿರಿಯರ ವಾದಕ್ಕೆ ಒಂದೇ ಒಂದು ಆಧಾರ: ಮೂಲ. ಮೂಲ ಇಂಜಿನ್ ಹೋದರೆ ಮೂಲ ಕಾರೇ ಹೋಯಿತು. ಸರಿ, ಈ ಮೂಲವನ್ನೇ ಸ್ವಲ್ಪ ಬಗೆದು ನೋಡೋಣ.

1969ರಲ್ಲಿ ಈ ಕಾರು ಜಪಾನಿನಲ್ಲಿ ಹೊರಬಂದಾಗ ಅದರ ಹೆಸರು ಫೇರ್‌ಲೇಡಿ ಝೆಡ್. ಅಲ್ಲಿ 2000 ಸಿಸಿ ದಾಟಿದ ಕಾರಿಗೆ ತೆರಿಗೆ ಹೆಚ್ಚು, ಹಾಗಾಗಿ ಎರಡು ಲೀಟರಿನ ಎಲ್20 ಇಂಜಿನ್ ಹಾಕಿದರು. ಅದೇ ಹೊತ್ತಿಗೆ ಝೆಡ್432 ಎಂಬ ಇನ್ನೊಂದು ಮಾದರಿಯೂ ಬಂತು. ಅದಕ್ಕೆ ಸ್ಕೈಲೈನ್ ಜಿಟಿ-ಆರ್ ಕಾರಿನ ಎಸ್20 ಇಂಜಿನ್. ಅಮೆರಿಕಕ್ಕೆ ಕಳಿಸುವಾಗ 2393 ಸಿಸಿಯ ಎಲ್24 ಕೂರಿಸಿದರು. ಫೇರ್‌ಲೇಡಿ ಎಂಬ ಹೆಸರು ಇಲ್ಲಿ ನಡೆಯದು ಎಂದು ನಿಸಾನ್‌ನ ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಯಾಮಾ ಆ ಹೆಸರನ್ನೂ ತೆಗೆಸಿ 240ಝೆಡ್ ಎಂದು ಕರೆದರು. ಒಂದು ದೇಹ, ಮೂರು ಇಂಜಿನ್, ಎರಡು ಹೆಸರು. ಇದರಲ್ಲಿ ಮೂಲ ಯಾವುದು?

ಇನ್ನೂ ಕೆಳಕ್ಕೆ ಹೋಗಿ. ಆ ಎಲ್24 ಸ್ವರ್ಗದಿಂದ ಇಳಿದದ್ದಲ್ಲ. ಡಾಟ್ಸನ್ 510 ಎಂಬ ಸಂಸಾರಸ್ಥರ ಕಾರಿನಲ್ಲಿದ್ದ ಎಲ್16 ಎಂಬ ನಾಲ್ಕು ಸಿಲಿಂಡರಿನ ಇಂಜಿನ್ನಿನ ದಾಯಾದಿ ಅದು. ಎರಡರ ಸಿಲಿಂಡರಿನ ವ್ಯಾಸವೂ 83 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರವೂ 73.7 ಮಿಲಿಮೀಟರ್. ನಾಲ್ಕಿದ್ದರೆ 1595 ಸಿಸಿ, ಇನ್ನೆರಡು ಸಿಲಿಂಡರ್ ಸೇರಿಸಿದರೆ 2393. ನಾಲ್ಕು ಸಿಲಿಂಡರನ್ನು ಕಂಡು ಮೂಗು ಮುಚ್ಚಿಕೊಳ್ಳುವವರು ತಮ್ಮ ಆರು ಸಿಲಿಂಡರಿನ ಮನೆತನವನ್ನು ಒಮ್ಮೆ ವಿಚಾರಿಸಿಕೊಳ್ಳಬೇಕು.

ನಾವು ಹಾಕಿದ್ದು ಎಸ್‌ಆರ್20ಡಿಇಟಿ. ಅದೂ ನಿಸಾನ್‌ನದೇ. ಜಪಾನಿನ ಸಿಲ್ವಿಯಾ ಕಾರಿನಲ್ಲಿ ಬರುತ್ತಿತ್ತು, ಅಮೆರಿಕದಲ್ಲಿ ಮಾರಿದ ಕಾರುಗಳಲ್ಲಿ ಈ ಟರ್ಬೊ ಇಂಜಿನ್ ಬರಲೇ ಇಲ್ಲ. ಹಳೇ ಇಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಇದರದು ಅಲ್ಯೂಮಿನಿಯಂ. ಉದ್ದದಲ್ಲಿ ಎರಡು ಸಿಲಿಂಡರ್ ಕಮ್ಮಿಯಾದ್ದರಿಂದ ಇಂಜಿನ್ನನ್ನು ಹಿಂದಕ್ಕೆ ಸರಿಸಿ ಕೂರಿಸಬಹುದು. ಮೂತಿ ಹಗುರಾಗುತ್ತದೆ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ. ಹೊರಗೆ ಹೋಗುವ ಹೊಗೆಯೇ ಒಂದು ಚಕ್ರ ತಿರುಗಿಸಿ ಒಳಗೆ ಬರುವ ಗಾಳಿಯನ್ನು ಒತ್ತಿ ತುಂಬುತ್ತದೆ. ಹಾಗಾಗಿ ಎರಡೇ ಲೀಟರಿನಲ್ಲಿ 205 ಅಶ್ವಶಕ್ತಿ. ಹಳೆಯದಕ್ಕೆ 151 ಎಂದು ಹೇಳುತ್ತಿದ್ದರು, ಅದೂ ಸೈಲೆನ್ಸರಿನಂಥ ಹೊರೆಗಳನ್ನು ಕಳಚಿ ಅಳೆದ ಅಂದಿನ ಉದಾರ ಲೆಕ್ಕ.

ಹಾಗಂತ ಕಳೆದುಕೊಂಡದ್ದು ಏನೂ ಇಲ್ಲವೆಂದರೆ ಸುಳ್ಳಾಗುತ್ತದೆ. ಸಾಲಾಗಿ ನಿಂತ ಆರು ಸಿಲಿಂಡರುಗಳು ಒಂದರ ಅದುರನ್ನು ಇನ್ನೊಂದು ನುಂಗುತ್ತವೆ. ಆ ನಯ ನಾಲ್ಕಕ್ಕೆ ಹುಟ್ಟಿನಿಂದಲೇ ಇಲ್ಲ. ಕಾಲು ಒತ್ತಿದ ಕೂಡಲೇ ಟರ್ಬೊ ಓಗೊಡುವುದೂ ಇಲ್ಲ, ಒಂದು ಗಳಿಗೆ ಯೋಚಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದನಿ ಹೋಯಿತು. ಕೆಲಸ ಮುಗಿದ ದಿನ ಗೆಳೆಯ ತನ್ನ ಅಮ್ಮನ ಮನೆ ಮುಂದೆ ಕಾರು ನಿಲ್ಲಿಸಿದ. ಅವರು ಬಾಗಿಲಿಗೆ ಬರಲೇ ಇಲ್ಲ. ಕರೆಗಂಟೆ ಒತ್ತಿದ ಮೇಲೆ ಬಂದು, "ಯಾರೋ ಅಂದುಕೊಂಡೆ, ಅವರು ಬಂದರೆ ಅಡುಗೆಮನೆಗೇ ಗೊತ್ತಾಗುತ್ತಿತ್ತು" ಅಂದರು. ನನ್ನ ವಾದಗಳಲ್ಲಿ ಯಾವುದೂ ಆ ಮಾತಿಗೆ ಉತ್ತರವಲ್ಲ. ಹಿರಿಯರು ಈ ಕಾರಣಕ್ಕೆ ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ.

ಆದರೆ ಅವರು ಕೇಳಿದ್ದು ದನಿಯನ್ನಲ್ಲ. ಇಂಜಿನ್ನಿನ ಮೇಲೆ ಕೆತ್ತಿದ ಸಂಖ್ಯೆ ತಗಡಿನ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು. ಈ ಪ್ರಶ್ನೆ ಪ್ರೀತಿಯದಲ್ಲ, ಸಂತೆಯದು. ಬಂದಾಗ 3,526 ಡಾಲರಿಗೆ ಸಿಗುತ್ತಿದ್ದ ಕಾರು ಇದು. ಜಾಗ್ವಾರ್ ಕೊಳ್ಳಲಾಗದ ಸಂಬಳದವರೂ ಸ್ಪೋರ್ಟ್ಸ್ ಕಾರು ಓಡಿಸಲಿ ಎಂದು ಮಾಡಿದ್ದು. 2020ರ ಆರಂಭದಲ್ಲಿ ಇದೇ ಮಾದರಿಯ, 1971ರ, ಹೆಚ್ಚು ಓಡದ ಒಂದು ಕಾರು ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಅಂದಿನಿಂದ ಊರೂರಿನ ಗ್ಯಾರೇಜುಗಳಲ್ಲಿ ಮಡಿ ಬಿಗಿಯಾಗಿದೆ. ಓಡಿಸಿದರೆ ಬೆಲೆ ಇಳಿಯುತ್ತದೆ, ಆದ್ದರಿಂದ ಓಡಿಸುವುದಿಲ್ಲ. ಓಡದ ಕಾರನ್ನು ಶುದ್ಧ ಎನ್ನುತ್ತಾರೆ. ಕೊಂದವರು ಯಾರು ಸ್ವಾಮಿ?

ನಮ್ಮ ಸಾಹಿತ್ಯದ ಮಂದಿಗೂ ಈ ಮಡಿ ಹೊಸದಲ್ಲ. ಆದರೆ ನಾವು ಆದಿಕವಿ ಎಂದು ಕೈಮುಗಿಯುವ ಪಂಪ ಮಾಡಿದ್ದೇನು? ಕ್ರಿ.ಶ. 941ರ ಸುಮಾರಿಗೆ ವ್ಯಾಸಭಾರತದ ದೇಹ ತೆಗೆದುಕೊಂಡು, ಅರ್ಜುನನ ಜಾಗದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಇದಕ್ಕಿಂತ ದೊಡ್ಡ ಇಂಜಿನ್ ಬದಲಾವಣೆ ಕನ್ನಡದಲ್ಲಿ ಯಾವುದಿದೆ? ಸಂಖ್ಯೆ ಹೊಂದುವುದಿಲ್ಲವೆಂದು ಯಾರಾದರೂ ವಿಕ್ರಮಾರ್ಜುನ ವಿಜಯವನ್ನು ಆಚೆ ಇಟ್ಟೆವೆ? ಪಂಪನಿಂದ ವ್ಯಾಸ ಸಾಯಲಿಲ್ಲ. ವ್ಯಾಸನ ಓಲೆಗರಿಯನ್ನು ಕೆರೆದು ಅದರ ಮೇಲೇ ಬರೆಯಲಿಲ್ಲ ಅವನು.

ನನ್ನ ಗೆರೆ ಇರುವುದು ಅಲ್ಲೇ. ಗ್ರೈಂಡರ್ ಹಿಡಿದು ಚಾಸಿಸ್ ಕೊಯ್ದು, ಹಳೇ ಇಂಜಿನ್ನನ್ನು ಗುಜರಿಗೆ ಹಾಕುವವರನ್ನು ನಾನು ಸಮರ್ಥಿಸುವುದಿಲ್ಲ. ಶಕ್ತಿ ಹೆಚ್ಚಿಸಿ, ಹಿಂದಿನ ಹಳೇ ಡ್ರಮ್ ಬ್ರೇಕನ್ನು ಹಾಗೇ ಬಿಟ್ಟು ಹೆದ್ದಾರಿಗೆ ಇಳಿಯುವವರನ್ನಂತೂ ಇಲ್ಲವೇ ಇಲ್ಲ. ಗೆಳೆಯ ಮೊದಲು ಮಾಡಿದ್ದು ಬ್ರೇಕು, ಆಮೇಲೆ ಡಿಫರೆನ್ಷಿಯಲ್, ಇಂಜಿನ್ ಕೊನೆಗೆ. ಹೊಸ ಮೌಂಟುಗಳನ್ನು ಹಳೇ ಬೋಲ್ಟಿನ ತೂತುಗಳಿಗೇ ಕೂರಿಸಿದ. ಇಂಟರ್‌ಕೂಲರಿನ ಕೊಳವೆಗೆಂದು ರೇಡಿಯೇಟರ್ ಪಕ್ಕದ ತಗಡಿನಲ್ಲಿ ಎರಡು ತೂತು ಕೊರೆಯಲೇಬೇಕಾಯಿತು. ಅದಕ್ಕೆ ಮನಸ್ಸು ಮಾಡಲು ಅವನಿಗೆ ಒಂದು ವಾರ ಹಿಡಿಯಿತು. ಆ ಎರಡು ತೂತು ಬಿಟ್ಟರೆ ನಾವು ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಹುದು.

ಅಪ್ಪನ ಎಲ್24 ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿದೆ. ತಿಂಗಳಿಗೊಮ್ಮೆ ಗೆಳೆಯ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಬಿಟ್ಟು, ಉದ್ದ ಹಿಡಿಯ ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸುತ್ತಾನೆ, ತುಕ್ಕು ಹಿಡಿದು ಕಚ್ಚಿಕೊಳ್ಳಬಾರದೆಂದು. ಟಾರ್ಚ್ ಹಿಡಿಯುವುದು ಈಗಲೂ ನಾನೇ. ಕಾರು ಮಾತ್ರ ಅಲ್ಲಿಲ್ಲದ ದಿನವೇ ಹೆಚ್ಚು. ಅವನು ಅದರಲ್ಲೇ ಕೆಲಸಕ್ಕೆ ಹೋಗುತ್ತಾನೆ, ಶನಿವಾರ ಅಮ್ಮನನ್ನು ಮಾರ್ಕೆಟ್ಟಿಗೆ ಕರೆದೊಯ್ಯುತ್ತಾನೆ. ಮೊನ್ನೆ ಅವನು ಹಾರ್ನ್ ಮಾಡುವ ಮೊದಲೇ ಅವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ.