ಮೊಬೈಲಿಗೊಂದು ಕಾವಲು ಬಿಲ್ಲೆ ಸಾಕೆ?

ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೊಬೈಲ್ ಕಳೆದುಕೊಂಡವರಿಗೆ ಅದರ ಬೆಲೆಗಿಂತಲೂ ಬ್ಯಾಂಕ್ ಖಾತೆಯ ಚಿಂತೆಯೇ ಹೆಚ್ಚು. ಕೀಲಿಗೊಂಚಲಿಗೆ ಸಿಕ್ಕಿಸುವ ಕೆಲವು ಬ್ಲೂಟೂತ್ ಬಿಲ್ಲೆಗಳು, ಫೋನು ಸುಮಾರು 10 ಮೀಟರ್ ದೂರವಾದರೆ ಸದ್ದುಮಾಡಿ ಎಚ್ಚರಿಸುತ್ತವೆ. ಮರೆವಿಗೆ ಇದು ಒಳ್ಳೆಯ ಮದ್ದು, ಕಳ್ಳತನಕ್ಕಲ್ಲ. ಕಳ್ಳನು ಗಾಡಿಯಿಂದ ಇಳಿದುಹೋದ ಮೇಲೆ ಸದ್ದಿನಿಂದ ಪ್ರಯೋಜನವೇನು? ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒ.ಟಿ.ಪಿ.ಯೂ ಅವನ ಕೈಸೇರುತ್ತದೆ.

ಆದುದರಿಂದ ಬಿಲ್ಲೆ ಕೊಳ್ಳುವ ಮೊದಲೇ ಸಿಮ್ಮಿಗೆ ಗುಪ್ತಸಂಖ್ಯೆಯ ಬೀಗ ಹಾಕುವುದು ಅಗತ್ಯ. *#06# ಒತ್ತಿದಾಗ ಕಾಣುವ 15 ಅಂಕಿಗಳ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡತಕ್ಕದ್ದು. ಫೋನು ಕಳುವಾದೊಡನೆ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ, ಕೇಂದ್ರ ಸರಕಾರವು 2023ರಲ್ಲಿ ಆರಂಭಿಸಿದ ‘ಸಂಚಾರ ಸಾಥಿ’ಯ ಮೂಲಕ ಅದನ್ನು ನಿರ್ಬಂಧಿಸಬಹುದು. ಬಿಲ್ಲೆಯ ಸ್ಥಾನ ಇವುಗಳ ತರುವಾಯವೇ.