ಬೀಳು ಹೊಲವೂ ಎಣ್ಣೆಯ ಆಸೆಯೂ

ಮಠದ ಹಳೆಯ ವಿದ್ಯಾರ್ಥಿಗಳು ಕಾಣಲು ಬಂದಾಗ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: "ಬುದ್ಧಿ, ನಾವು ಪಟ್ಟಣದಲ್ಲಿ ನೌಕರಿಗಿದ್ದೇವೆ. ಊರ ಹೊಲ ಬೀಳುಬಿದ್ದಿದೆ. ಇಂಧನದ ಗಿಡವನ್ನಾದರೂ ಹಾಕಿಬಿಡಲೇ?" ಮಳೆ ಬೇಡ, ಆಳು ಬೇಡ, ನೆಟ್ಟು ಮರೆತರೂ ಹಣ ಬರುವುದೆಂದು ಯಾರೋ ಅವರ ತಲೆ ತುಂಬಿರುತ್ತಾರೆ. ಇದು ಶುದ್ಧ ಸುಳ್ಳು. ದೇಶವೇ ಒಮ್ಮೆ ಇದನ್ನು ನಂಬಿ ಕೈಸುಟ್ಟುಕೊಂಡಿದೆ.

ನಮ್ಮವರು ಬೇಲಿಗೆ ನೆಡುತ್ತಿದ್ದ ಕಾಡುಹರಳನ್ನು, ಅಂದರೆ ಜತ್ರೋಫಾವನ್ನು, ಪಾಳುಭೂಮಿಯಲ್ಲಿ ಬೆಳೆದು ಡೀಸೆಲ್ ಪಡೆಯಬಹುದೆಂದು 2003ರಲ್ಲಿ ಯೋಜನಾ ಆಯೋಗದ ಸಮಿತಿ ಸಾರಿತು. 2009ರ ರಾಷ್ಟ್ರೀಯ ನೀತಿಯು 2017ರೊಳಗೆ ನೂರಕ್ಕೆ 20 ಪಾಲು ಮಿಶ್ರಣದ ಗುರಿಯನ್ನಿಟ್ಟಿತು. ಆ ವರ್ಷ ಬಂದು ಹೋಯಿತು. ಡೀಸೆಲಿಗೆ ನೂರಕ್ಕೆ ಒಂದು ಪಾಲೂ ಬೆರೆಯಲಿಲ್ಲ.

ಲೆಕ್ಕ ಮುರಿದದ್ದೆಲ್ಲಿ? 2005ರ ಖರೀದಿ ನೀತಿ ಜೈವಿಕ ಡೀಸೆಲಿಗೆ ಕಟ್ಟಿದ ಬೆಲೆ ಲೀಟರಿಗೆ 25 ರೂಪಾಯಿ. ಒಂದು ಲೀಟರಿಗೆ ಮೂರು ನಾಲ್ಕು ಕಿಲೋ ಬೀಜ ಬೇಕು. ಗಾಣ, ಸಾಗಣೆ, ಸಂಸ್ಕರಣದ ವೆಚ್ಚವನ್ನು ಬದಿಗಿಟ್ಟರೂ ಕಿಲೋ ಬೀಜಕ್ಕೆ ಆರರಿಂದ ಎಂಟು ರೂಪಾಯಿ. ಅದರ ಕಾಯಿಗಳೋ ಒಮ್ಮೆಗೇ ಮಾಗವು. ಒಂದೇ ಗೊಂಚಲಿನಲ್ಲಿ ಹಸುರೂ ಹಳದಿಯೂ ಕಪ್ಪೂ ಇರುತ್ತವೆ. ಮತ್ತೆ ಮತ್ತೆ ಕೈಯಿಂದಲೇ ಆರಿಸಿ ಸಿಪ್ಪೆ ಬಿಡಿಸಬೇಕು. ಆರಿಸುವ ತಾಯಿಗೆ ದಿನದ ಕೂಲಿ ಎಲ್ಲಿಂದ ಹುಟ್ಟೀತು? ಹೊಲ ಬೀಳುಬಿದ್ದಿರುವುದೇ ದುಡಿಯುವ ಕೈಗಳಿಲ್ಲದೆ. ಅಲ್ಲಿಗೆ ಇನ್ನಷ್ಟು ಕೈ ಬೇಡುವ ಬೆಳೆಯನ್ನು ತರುವುದು ಎಂಥ ಜಾಣತನ!

ಗಿಡ ಬರಗಾಲದಲ್ಲಿ ಬದುಕುತ್ತದೆ, ನಿಜ. ಬದುಕುವುದು ಬೇರೆ, ಫಲ ಕೊಡುವುದು ಬೇರೆ. ನೀರು ಗೊಬ್ಬರ ಉಣಿಸಿದರೆ ಫಲ ಬಂದೀತು. ಅವೆರಡೂ ಇರುವ ಹೊಲದಲ್ಲಿ ಜೋಳ ತೊಗರಿಗಳನ್ನು ಬಿಟ್ಟು ಇದನ್ನೇಕೆ ಹಾಕಬೇಕು?

ಇನ್ನು 'ಪಾಳು' ಎಂಬ ಮಾತು. ಗೋಮಾಳವನ್ನು ಪಾಳೆನ್ನುವವನು ಕುರಿಗಾರನನ್ನು ಕೇಳಿಲ್ಲ. ಅಲ್ಲಿ ದನ ಮೇಯುತ್ತದೆ, ಬಡವರ ಒಲೆಗೆ ಪುಳ್ಳೆ ದೊರೆಯುತ್ತದೆ. ಕಾಡುಹರಳಿನ ಎಲೆಯನ್ನು ದನ ಮೂಸದು, ಹಿಂಡಿಯೂ ವಿಷ.

ಹಾಗೆಂದು ನಾವು ಎಣ್ಣೆಗಿಡಗಳ ವೈರಿಗಳಲ್ಲ. ಬದುವಿನ ಹೊಂಗೆ ನೆರಳಾಗಿ, ದೀಪದೆಣ್ಣೆಯಾಗಿ, ಗೊಬ್ಬರದ ಹಿಂಡಿಯಾಗಿ ನಮ್ಮ ಹಳ್ಳಿಗಳನ್ನು ಸಲಹಿದೆ. ಅದು ಬದುವಿನ ಮರ, ಮೇಲುಗಳಿಕೆ. ಅದೊಂದನ್ನೇ ನಂಬಿ ಸಂಸಾರ ನಡೆಸಿದ ರೈತನನ್ನು ನಾವು ಕಂಡಿಲ್ಲ.

ಸಸಿ ಮಾರಲು ಬಂದವನನ್ನು ಕೇಳಿರಿ: ಬೀಜವನ್ನು ಯಾರು, ಯಾವ ಬೆಲೆಗೆ, ಎಷ್ಟು ವರ್ಷ ಕೊಳ್ಳುವರೆಂದು ಬರೆದುಕೊಡುವೆಯಾ? ಸಸಿಯ ಹಣವನ್ನಷ್ಟೇ ಮುಂಗಡ ಕೇಳುವವನಾದರೆ ಮಜ್ಜಿಗೆ ಕೊಟ್ಟು ಕಳುಹಿಸಿರಿ.